ಅಮ್ಮನ ಮೌನ ಬರಿಯ ಬೇಸರವೇ, ಖಿನ್ನತೆಯೇ?

ಪ್ರಶ್ನೆ (ಹಾಸನದಿಂದ, ಮಗಳು):
58 ವರ್ಷದ ನಮ್ಮ ತಾಯಿ ಎರಡು ತಿಂಗಳಿಂದ ಅಂಗಳಕ್ಕೆ ರಂಗೋಲಿಯನ್ನೂ ಇಡುತ್ತಿಲ್ಲ. ನಸುಕಿನ 3 ಗಂಟೆಗೇ ಎಚ್ಚರಗೊಂಡು ಕುಳಿತಿರುತ್ತಾರೆ, ಊಟ ಸೇರುವುದಿಲ್ಲ, ‘ನಾನು ಎಲ್ಲರಿಗೂ ಭಾರ’ ಎನ್ನುತ್ತಾರೆ. ಬಂಧುಗಳು ಇದನ್ನು ವಯಸ್ಸಿನ ಬೇಸರ ಎನ್ನುತ್ತಾರೆ. ಇದು ಕಾಯಿಲೆಯೇ? ಯಾರ ಬಳಿ ಹೋಗಬೇಕು?

ಉತ್ತರ 1:
ಬೇಸರ ಬಂದು ಹೋಗುತ್ತದೆ. ಆದರೆ ಮಂಕುತನ ಅಥವಾ ನಿರಾಸಕ್ತಿ ದಿನದ ಬಹುಪಾಲು ಆವರಿಸಿ, ಎರಡು ವಾರಗಳಿಗೂ ಮೀರಿ ಉಳಿದು, ಅದರೊಂದಿಗೆ ನಿದ್ರೆ, ಹಸಿವು, ಏಕಾಗ್ರತೆಗಳು ಕೆಟ್ಟು, ತಾನು ನಿಷ್ಪ್ರಯೋಜಕ ಎಂಬ ಭಾವ ಬೇರೂರಿದ್ದರೆ ಅದು ಖಿನ್ನತೆಯೇ ಎಂದು ವೈದ್ಯರು ಪರೀಕ್ಷಿಸಬೇಕು. ಥೈರಾಯ್ಡ್ ಕೊರತೆ, ರಕ್ತಹೀನತೆಗಳೂ ಹೀಗೆಯೇ ಕಾಣಿಸಬಹುದಾದ್ದರಿಂದ ರಕ್ತಪರೀಕ್ಷೆಯನ್ನೂ ಮಾಡಿಸಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣುವುದು ಒಳ್ಳೆಯದು.

ಉತ್ತರ 2:
‘ಭಾರ’ ಎಂಬ ಮಾತನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಿ; ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಕೀಟನಾಶಕ ಮತ್ತು ಮಾತ್ರೆಗಳನ್ನು ಕೈಗೆಟುಕದಂತೆ ಇರಿಸಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮಾನಸ್’ಗೆ (14416) ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮನೆಯವರೂ ಕರೆ ಮಾಡಬಹುದು.

ಉತ್ತರ 3:
ನಮ್ಮ ತಂದೆಯವರಿಗೆ ಖಿನ್ನತೆಗೆಂದು ಎರಡು ವಾರ ಮಾತ್ರೆ ಕೊಟ್ಟು, ಗುಣ ಕಾಣಲಿಲ್ಲವೆಂದು ನಾವೇ ನಿಲ್ಲಿಸಿದೆವು. ಅದಕ್ಕಾಗಿ ಇಂದಿಗೂ ನೋಯುತ್ತೇನೆ. ಈ ಔಷಧಿಗಳ ಪೂರ್ಣ ಪರಿಣಾಮ ತಿಳಿಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು, ಚೇತರಿಸಿಕೊಂಡ ಮೇಲೂ ಹಲವು ತಿಂಗಳು ಮುಂದುವರಿಸಬೇಕಾಗುತ್ತದೆ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಪ್ರಶ್ನಿಸಿದವರು:
ಇಂದು ರಾತ್ರಿಯೇ ಅಮ್ಮನ ಪಕ್ಕ ಕುಳಿತು ಕೇಳುತ್ತೇನೆ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೊರಡುತ್ತೇವೆ.