ಅಪ್‌ಡೇಟ್: ಮುಂಬೈ ನೋಡಿ ಬಂದೆವು

ಎಪ್ಪತ್ತು ದಾಟಿದ ನಾವಿಬ್ಬರು, ಅದರಲ್ಲೂ ಮಂಡಿನೋವಿರುವ ನನ್ನ ಪತ್ನಿ, ಮುಂಬೈಯ ಜನಸಂದಣಿಯಲ್ಲಿ ಎಲಿಫೆಂಟಾ ಗುಹೆಗಳನ್ನು ನೋಡಿಬರಲು ಸಾಧ್ಯವೇ ಎಂದು ಕಳೆದ ತಿಂಗಳು ಕೇಳಿದ್ದೆ. ನಿಮ್ಮ ಸಲಹೆಯಂತೆ, ಗುಹೆಗಳು ಮುಚ್ಚಿರುವ ಸೋಮವಾರವನ್ನು ಬಿಟ್ಟು, ಮಂಗಳವಾರ ಬೆಳಿಗ್ಗೆ ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿ ಹತ್ತಿದೆವು; ಸುಮಾರು ಒಂದು ಗಂಟೆಯ ಪಯಣ. ನೂರಕ್ಕೂ ಹೆಚ್ಚು ಮೆಟ್ಟಿಲುಗಳಿಗೆ ಡೋಲಿ ಸಿಗುತ್ತದೆಂದು ಒಬ್ಬರು ತಿಳಿಸಿದ್ದರೂ, ಆಕೆ ಅದನ್ನು ಒಪ್ಪದೆ, ಹತ್ತು ಮೆಟ್ಟಿಲಿಗೊಮ್ಮೆ ಕುಳಿತು, ನನ್ನ ಕೈ ಹಿಡಿದೇ ಏರಿದಳು. ಸುಮಾರು 20 ಅಡಿ ಎತ್ತರದ, ಮೂರು ಮುಖಗಳ ಸದಾಶಿವನ ಎದುರು, ಕಣ್ಣು ಮುಚ್ಚಿರುವ ನಡುವಿನ ಮುಖದ ಆ ಪ್ರಶಾಂತತೆಯನ್ನು ನೋಡುತ್ತ ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದಳು. ನನಗಂತೂ ಇಡೀ ಪ್ರವಾಸದಲ್ಲಿ ಅದಕ್ಕಿಂತ ದೊಡ್ಡ ನೋಟವಿಲ್ಲ. ಲೋಕಲ್ ರೈಲನ್ನು ಜನ ಕಡಿಮೆಯಿರುವ ಮಧ್ಯಾಹ್ನವಷ್ಟೇ ಹತ್ತಿ, ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ ಕನ್ನಡದಲ್ಲೇ ಮಾತನಾಡುತ್ತ ಊಟ ಮಾಡಿದೆವು. ದಾರಿ ತೋರಿದ ಎಲ್ಲರಿಗೂ ನಾವಿಬ್ಬರೂ ಕೃತಜ್ಞರು.