‘ಅರೋರಾ ಆಸ್ಟ್ರಾಲಿಸ್’ಗೆ ಕನ್ನಡದ ಪದ: ನಾಳೆಯೇ ಬೇಕು

ಪ್ರಶ್ನೆ (ಸರಸ್ವತಿಪುರಂ, ಮೈಸೂರು)

ಮಾನ್ಯರೇ, ನ್ಯೂಜಿಲೆಂಡಿನ ಬ್ಲಫ್ ಬಂದರಿನಿಂದ ಜಲಸಂಧಿಯೊಂದನ್ನು ದಾಟಿ ಸೇರಬೇಕಾದ ಸ್ಟೀವರ್ಟ್ ದ್ವೀಪದಲ್ಲಿ ನನ್ನ ತಂಗಿಯ ಮಗಳು ತೆಗೆದ ಇರುಳ ಬಾನಿನ ಚಿತ್ರಗಳು ಮುಂದಿನ ವಾರ ಇಲ್ಲಿ ಪ್ರದರ್ಶನಗೊಳ್ಳಲಿದ್ದು, ಫಲಕದ ತಲೆಬರಹವನ್ನು ನಾಳೆ ಮಧ್ಯಾಹ್ನದೊಳಗೆ ಮುದ್ರಣಕ್ಕೆ ಕೊಡಬೇಕಾಗಿದೆ. ಚಿತ್ರಗಳಲ್ಲಿರುವುದು ಅರೋರಾ ಆಸ್ಟ್ರಾಲಿಸ್, ಅಂದರೆ ದಕ್ಷಿಣ ಧ್ರುವದ ಕಡೆಯ ಇರುಳ ಬಾನಿನಲ್ಲಿ ಮೂಡುವ ಬಣ್ಣದ ಬೆಳಕು. ಅದಕ್ಕೆ ‘ದಕ್ಷಿಣ ಧ್ರುವಪ್ರಭೆ’ ಎಂದು ಬರೆದಿಟ್ಟಿದ್ದೇನೆ. ದಕ್ಷಿಣ ಧ್ರುವಕ್ಕೆ ಕುಮೇರು ಎಂಬ ಹೆಸರಿರುವುದರಿಂದ ‘ಕುಮೇರು ಜ್ಯೋತಿ’ಯೇ ಸರಿಯೆಂದು ಹಿರಿಯರೊಬ್ಬರು ಪಟ್ಟು ಹಿಡಿದಿದ್ದಾರೆ. ಆ ದ್ವೀಪದ ಮಾವೊರಿ ಹೆಸರು ರಾಕಿಯುರಾ. ಅದಕ್ಕೆ ಸಾಮಾನ್ಯವಾಗಿ ‘ಹೊಳೆಯುವ ಬಾನು’ ಎಂಬ ಅರ್ಥವನ್ನು ಹೇಳುತ್ತಾರೆ. ಅಲ್ಲಿ ನೆಲದ ಹೆಸರಿನಲ್ಲೇ ಬೆಳಕು ಇರುವಾಗ ನಮ್ಮ ಫಲಕ ತೀರ ಒಣಗಿದಂತೆ ಕಾಣಬಾರದೆಂಬುದಷ್ಟೇ ನನ್ನ ಆಸೆ.

ಉತ್ತರ (ಮಂಡ್ಯ)

‘ದಕ್ಷಿಣ’ ಏತಕ್ಕೆ? ನಮ್ಮೂರಿನ ಹಿರಿಯರು ಗದ್ದೆಯ ಎಲ್ಲೆಯನ್ನು ಇಂದಿಗೂ ಮೂಡಲಿಗೆ, ತೆಂಕಲಿಗೆ ಎಂದೇ ಹೇಳುತ್ತಾರೆ. ಪಂಪನಿಗೆ ಸೋಂಕಿದ್ದು ತೆಂಕಗಾಳಿಯೇ ಹೊರತು ದಕ್ಷಿಣಾನಿಲವಲ್ಲ. ‘ತೆಂಕಣ ಬೆಳಗು’ ಎಂದು ಬರೆಯಿರಿ. ಅರೋರಾ ಎಂಬುದು ರೋಮನ್ನರ ಮುಂಜಾವಿನ ದೇವತೆಯ ಹೆಸರು, ಸಂಸ್ಕೃತದ ಉಷಸ್ಸಿಗೆ ದಾಯಾದಿ. ನಮ್ಮ ‘ಬೆಳಗು’ ಕಾಂತಿಯೂ ಹೌದು, ಮುಂಜಾವೂ ಹೌದು. ಎರಡೂ ಅರ್ಥವನ್ನು ಒಂದೇ ಮಾತಿನಲ್ಲಿ ಹಿಡಿಯುವ ಪದ ಮನೆಯಲ್ಲಿಯೇ ಇರುವಾಗ ಪ್ರಭೆಯನ್ನು ಕಡ ತರುವುದು ಬೇಡ. ಅಂದ ಹಾಗೆ, ರಾಕಿಯುರಾದ ‘ಉರ’ವೂ ನಮ್ಮ ‘ಉರಿ’ಯೂ ಒಂದೇ ಬೇರಿನವೆಂದು ನಾನು ಬಹುಕಾಲದಿಂದ ನಂಬಿದ್ದೇನೆ.

ಉತ್ತರ (ಮೈಸೂರು)

ಎರಡಕ್ಷರ ಹೊಂದಿದ ಮಾತ್ರಕ್ಕೆ ನೆಂಟಸ್ತನ ಬೆಳೆಸುವುದು ಪದಚರ್ಚೆಯಲ್ಲ. ಮಾವೊರಿ ಪಾಲಿನೇಷ್ಯದ ನುಡಿ. ಬಾನಿಗೆ ಬೇರೆಡೆ ‘ರಂಗಿ’ ಎನ್ನುವುದು ದಕ್ಷಿಣ ಭಾಗದ ಆಡುನುಡಿಯಲ್ಲಿ ‘ರಾಕಿ’ ಆಗುತ್ತದೆ. ಇಂಥ ಕ್ರಮಬದ್ಧ ಧ್ವನಿವ್ಯತ್ಯಾಸವನ್ನು ಉರ, ಉರಿಗಳ ನಡುವೆ ತೋರಿಸಿದರೆ ಮುಂದೆ ಮಾತನಾಡೋಣ. ‘ತೆಂಕಣ ಬೆಳಗು’ ಎಂದು ಓದಿದ ಮೈಸೂರಿಗರು ಮನೆಯ ಕಿಟಕಿಯ ವಾಸ್ತು ಎಂದೇ ತಿಳಿಯುತ್ತಾರೆ.

‘ಜ್ಯೋತಿ’ ಎಂದರೆ ನಿಂತು ಉರಿಯುವ ಕುಡಿ. ಇದು ತೆರೆಯಂತೆ ಅಲೆಯುವ ಬೆಳಕು, ಆದ್ದರಿಂದ ಬೇಡ. ಇನ್ನು ಮೇರುವಿನ ಮಾತು: ಆರ್ಯಭಟನು ಬಡಗಣ ಧ್ರುವದಲ್ಲಿ ಮೇರುವನ್ನೂ ತೆಂಕಣದಲ್ಲಿ, ನೀರಿನ ನಡುವೆ, ಬಡವಾಮುಖವನ್ನೂ ಇಟ್ಟಿದ್ದಾನೆ. ಬಡವಾ ಎಂದರೂ ಬಡಬಾ ಎಂದರೂ ಒಂದೇ; ಬಡಬಾನಲವೆಂದರೆ ಕಡಲೊಳಗಿನ ಬೆಂಕಿ. ಆ ದ್ವೀಪವು ಸುಮಾರು 47 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿದ್ದು, ಧ್ರುವದ ಸುತ್ತ ಮೂಡುವ ಈ ಬೆಳಕಿನ ಬಳೆಯು ಸಾಮಾನ್ಯವಾಗಿ ಅದಕ್ಕಿಂತ ಬಹಳ ತೆಂಕಲಿಗೆ ಇರುವುದರಿಂದ, ಸುಮಾರು 100–150 ಕಿಲೋಮೀಟರ್ ಎತ್ತರದ ಹಸಿರು ಎಷ್ಟೋ ಸಲ ಬಾನಂಚಿನಲ್ಲಿ ಮುಳುಗಿ, 200 ಕಿಲೋಮೀಟರಿಗೂ ಮೇಲೆ ಆಮ್ಲಜನಕ ಸೂಸುವ ಕೆಂಪು ಮಾತ್ರ ಕಡಲಿನಿಂದ ಎದ್ದಂತೆ ಕಾಣುತ್ತದೆ. ‘ಬಡಬಾಪ್ರಭೆ’ಗಿಂತ ತಕ್ಕ ಮಾತು ಇನ್ನೊಂದಿಲ್ಲ.

ಉತ್ತರ (ಮಂಡ್ಯ)

ಬಡಬೆ ಎಂದರೆ ಹೆಣ್ಣುಕುದುರೆ. ಬಾನಿನ ಬೆಳಕನ್ನು ತೋರಿಸಲು ಓದುಗರನ್ನು ಸಂಸ್ಕೃತದ ಲಾಯಕ್ಕೆ ಕರೆದೊಯ್ಯಬೇಕೇ? 2024ರ ಮೇ ತಿಂಗಳಿನಲ್ಲಿ ಲಡಾಖಿನ ಹಾನ್ಲೆಯ ಬಾನು ಕೆಂಪಾದಾಗ ನಾನು ಓದಿದ ಸುದ್ದಿಯಲ್ಲೆಲ್ಲ ‘ಅರೋರಾ’ ಎಂದೇ ಇತ್ತು. ನೀವು ಕಬ್ಬಿಣದ ಕಡಲೆಯನ್ನು ಬಡಿಸಿದಷ್ಟೂ ಜನರು ಇಂಗ್ಲಿಷಿಗೆ ಓಡುತ್ತಾರೆ.

ಉತ್ತರ (ಮೈಸೂರು)

‘ಅರೋರಾ’ ಎಂದು ಬರೆದವರು ‘ಬೆಳಗು’ ಎಂಬ ಪದವನ್ನು ಅರಿಯದವರೇನೂ ಅಲ್ಲ. ಇಂಗ್ಲಿಷಿನಿಂದ ಬಂದ ‘ಬಸ್ಸು’, ‘ಕಾಫಿ’ಗಳನ್ನು ತಕರಾರಿಲ್ಲದೆ ಒಪ್ಪಿ, ಸಾವಿರ ವರ್ಷಗಳಿಂದ ನಮ್ಮೊಡನಿರುವ ಸಂಸ್ಕೃತ ಪದಗಳಿಗೆ ಮಾತ್ರ ಬಾಗಿಲು ಹಾಕುವ ನ್ಯಾಯ ನನಗೆ ಅರ್ಥವಾಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಗುರುಗಳಿಬ್ಬರಿಗೂ ವಂದನೆಗಳು. ಶಾಲೆಯ ಮಕ್ಕಳೂ ಬರುವುದರಿಂದ, ಅವರು ಪಾಠದಲ್ಲಿ ಓದಿರುವ ‘ಧ್ರುವ’ವನ್ನು ಬಿಡಲು ಮನಸ್ಸಾಗದೆ, ‘ದಕ್ಷಿಣ ಧ್ರುವಪ್ರಭೆ’ಯನ್ನೇ ತಲೆಬರಹವಾಗಿ ಕಳುಹಿಸಿದ್ದೇನೆ. ಕೆಂಪು ಬೆಳಕು ಕಡಲಂಚಿನಿಂದ ಏಳುವ ಚಿತ್ರವೊಂದಿದೆ. ಅದರ ಅಡಿಬರಹ ‘ತೆಂಕಣ ಬೆಳಗು’. ಬಡಬೆಯನ್ನು ಕಟ್ಟಲು ನಮ್ಮ ಫಲಕದಲ್ಲಿ ಜಾಗ ಸಾಲದು, ಕ್ಷಮಿಸಬೇಕು.

ಇನ್ನೊಂದು ಪದ ಉಳಿದಿದೆ. 2019ರಲ್ಲಿ ಆ ದ್ವೀಪಕ್ಕೆ, ಕೃತಕ ಬೆಳಕಿನಿಂದ ಕೆಡದ ಇರುಳ ಬಾನನ್ನು ಕಾಯ್ದುಕೊಂಡ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆತಿದೆ. ರಂಗನತಿಟ್ಟಿನ ‘ಪಕ್ಷಿಧಾಮ’ವನ್ನು ನೆನೆದು ನಾನು ‘ಇರುಳುಧಾಮ’ ಎಂದು ಬರೆದಿದ್ದೇನೆ. ಕನ್ನಡ, ಸಂಸ್ಕೃತ ಪದಗಳನ್ನು ಬೆಸೆದ ಅರಿಸಮಾಸವೆಂಬ ಆಕ್ಷೇಪಣೆಯಿದ್ದರೆ ನಾಳೆ ಹನ್ನೊಂದು ಗಂಟೆಯೊಳಗೆ ತಿಳಿಸಬೇಕು.