ಫಿಸಿಯೋ ಕೆಲಸವೇ ಬೇಡ ಅನ್ನಿಸುತ್ತಿದೆ, ಈ ಹಂತ ದಾಟಿದವರು ಹೇಳಿ

ಪ್ರಶ್ನೆ (ಬೆಂಗಳೂರು): ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಸಿ ಎಂಟು ವರ್ಷದಿಂದ ಒಂದು ಕ್ಲಿನಿಕ್‌ನಲ್ಲಿ ಫಿಸಿಯೋ ಆಗಿದ್ದೇನೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಬೆನ್ನುನೋವು, ಮಂಡಿನೋವು, ಕುತ್ತಿಗೆನೋವು. ಯಾರ ಹೆಸರೂ ನೆನಪಿರುವುದಿಲ್ಲ. ಮನೆಗೆ ಹೋದರೆ ಮಾತಾಡಲೂ ಮನಸ್ಸಿಲ್ಲ. ರಜೆ ಹಾಕಿ ಊರಿಗೆ ಹೋಗಿ ಬಂದೆ, ಸೋಮವಾರ ಮತ್ತೆ ಅದೇ ಕಥೆ. ಫೀಲ್ಡೇ ಬಿಡಬೇಕಾ?

ಮೈಸೂರಿನ ಒಬ್ಬ ಫಿಸಿಯೋ: ರಜೆ ಹಾಕಿದರೂ ಹೋಗಲಿಲ್ಲ ಅಂದಿರಲ್ಲ, ಅದನ್ನೇ ಮೊದಲು ಗಮನಿಸಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟ್ ಬಗ್ಗೆ ಬರೆದಾಗ ಅದನ್ನು ಕಾಯಿಲೆ ಅನ್ನಲಿಲ್ಲ, ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಅಂದಿತು. ಮೂರು ಲಕ್ಷಣ ಹೇಳಿತು: ಮೈಮನಸ್ಸು ಬಸವಳಿಯುವುದು, ಕೆಲಸದ ಮೇಲೆ ಜಿಗುಪ್ಸೆ, ನನ್ನಿಂದ ಏನೂ ಆಗುತ್ತಿಲ್ಲ ಅನ್ನುವ ಭಾವನೆ. ಮೊದಲನೆಯದಕ್ಕೆ ರಜೆ ಸ್ವಲ್ಪ ಕೆಲಸ ಮಾಡುತ್ತದೆ. ಮೂರನೆಯದಕ್ಕೆ ಮಾಡುವುದಿಲ್ಲ. ನನ್ನನ್ನು ಹಿಂಡಿದ್ದು ಆ ಮೂರನೆಯದೇ.

ನಾನಿದ್ದ ಕಡೆ ಒಬ್ಬರಿಗೆ ಐಎಫ್‌ಟಿ (ನೋವಿಗೆ ಸಣ್ಣ ಕರೆಂಟ್ ಕೊಡುವ ಮಷೀನ್) ಪ್ಯಾಡ್ ಅಂಟಿಸಿ ಟೈಮರ್ ಇಡಬೇಕು. ಅಷ್ಟರಲ್ಲಿ ಪಕ್ಕದ ಬೆಡ್‌ನವರಿಗೆ ಅಲ್ಟ್ರಾಸೌಂಡ್ ಚಿಕಿತ್ಸೆ, ಆ ಕಡೆಯವರಿಗೆ ಹಾಟ್ ಪ್ಯಾಕ್. ವ್ಯಾಯಾಮ ಅಂದರೆ ಕೊನೆಗೆ ಕೈಗಿಡುವ ಜೆರಾಕ್ಸ್ ಹಾಳೆ, ಎಲ್ಲರಿಗೂ ಅದೇ ಹಾಳೆ. ನೋವು ಇಳಿದರೆ ಬರುವುದು ನಿಲ್ಲಿಸುತ್ತಾರೆ, ಇಳಿಯದಿದ್ದರೂ ನಿಲ್ಲಿಸುತ್ತಾರೆ. ಆಮೇಲೆ ಏನಾಯಿತು ಅಂತ ನಮಗೆ ಗೊತ್ತೇ ಆಗುವುದಿಲ್ಲ. ಹೀಗಿದ್ದರೆ ಯಾರಿಗಾದರೂ ಮನಸ್ಸು ಒಣಗುತ್ತದೆ, ಅಲ್ವಾ?

ಮಾಲೀಕರ ಹತ್ತಿರ ಒಂದೇ ಒಂದು ಕೇಳಿದೆ. ವಾರದಲ್ಲಿ ಮೂರು ಮಧ್ಯಾಹ್ನ ಆಪರೇಷನ್ ಮಾಡಿಸಿ ಮಂಡಿ ಕೀಲು ಬದಲಿಸಿಕೊಂಡವರನ್ನು ಒಟ್ಟಿಗೆ ಕರೆದು ವ್ಯಾಯಾಮ ಮಾಡಿಸುತ್ತೇನೆ, ಆ ಹೊತ್ತಿನಲ್ಲಿ ಮಷೀನ್ ಬೇಡ. ಒಪ್ಪಿದರು. ಬಂದ ದಿನವೇ ಪ್ರತಿಯೊಬ್ಬರನ್ನೂ ಅಳೆಯುತ್ತಿದ್ದೆ. ಗೋಡೆಗೆ ಒತ್ತಿಟ್ಟ ಕುರ್ಚಿ, ಎದೆಗೆ ಕಟ್ಟಿದ ಕೈ, 30 ಸೆಕೆಂಡ್. ಅಷ್ಟರಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಅಂತ ಎಣಿಸುವುದು. ಎಪ್ಪತ್ತರಿಂದ ಎಪ್ಪತ್ತೊಂಬತ್ತರ ಹೆಂಗಸರಿಗೆ 10ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಜಾಸ್ತಿ ಅಂತ ಲೆಕ್ಕ.

ಒಬ್ಬರು ಅಜ್ಜಿಗೆ ಮೊದಲ ದಿನ ಕೈ ಊರದೆ ಏಳಲೇ ಆಗಲಿಲ್ಲ. "ಬಿದ್ರೆ ಯಾರಪ್ಪಾ ಹಿಡ್ಕೊಳ್ಳೋರು?" ಅಂದರು. ಮಗಳ ಮನೆ ಮೊದಲನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಅವರಿಗೆ ಬೇಕಿದ್ದದ್ದು ಅಲ್ಲಿಗೆ ಹೋಗುವುದು ಅಷ್ಟೇ. ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ ಅನ್ನುವ ನನ್ನ ಲೆಕ್ಕ ಅವರಿಗೆ ಬೇಕಿರಲಿಲ್ಲ. ಕುರ್ಚಿಯ ಮೇಲೆ ದಪ್ಪ ದಿಂಬಿಟ್ಟು ಎತ್ತರ ಮಾಡಿ ಶುರು ಮಾಡಿಸಿದೆ, ಬರುಬರುತ್ತಾ ದಿಂಬು ತೆಗೆದೆ. ಆಮೇಲೆ ಮೆಟ್ಟಿಲು: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಪಕ್ಕದಲ್ಲಿ ಕೂತವರೇ ಅವರಿಗೆ ಎಣಿಸಿ ಹೇಳುತ್ತಿದ್ದರು. ಮಗಳ ಮನೆಗೆ ಹೋಗಿ ಬಂದ ವಿಷಯವನ್ನು ಅವರು ಗುಂಪಿನ ಮುಂದೆ ಹೇಳಿದಾಗ, ಈ ಕೋರ್ಸಿಗೆ ನಾನು ಯಾಕೆ ಸೇರಿದ್ದೆ ಅನ್ನುವುದಕ್ಕೆ ನನಗೆ ಬೇರೆ ಉತ್ತರ ಬೇಕಾಗಲಿಲ್ಲ.

ಉಳಿದ ಹೊತ್ತಿನ ಕೆಲಸ ಈಗಲೂ ಹಳೆಯ ಥರವೇ ಇದೆ. ಆದರೂ ತಡೆದುಕೊಳ್ಳಲು ಆಗುತ್ತದೆ. ನೀವೂ ಒಂದು ಗುಂಪನ್ನು ಆರಿಸಿಕೊಳ್ಳಿ, ಶುರುವಿನಿಂದ ಕೊನೆತನಕ ನೋಡಿ, ಅಳೆದು ಬರೆದಿಡಿ.

ಮೆಲ್ಬರ್ನ್‌ನಲ್ಲಿರುವ ಕನ್ನಡತಿ: ನಾನು ಎಕ್ಸರ್ಸೈಜ್ ಫಿಸಿಯಾಲಜಿಸ್ಟ್, ಅಂದರೆ ಕಾಯಿಲೆ ಇರುವವರಿಗೆ ತಕ್ಕ ವ್ಯಾಯಾಮ ಹೇಳಿಕೊಡುವವಳು. ಇಲ್ಲಿ ಅದು ಫಿಸಿಯೋಥೆರಪಿಯಿಂದ ಬೇರೆಯೇ ವೃತ್ತಿ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಜಾಸ್ತಿ ಬರುತ್ತಾರೆ. ದೀರ್ಘಕಾಲದ ಕಾಯಿಲೆಯವರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಸಾಮಾನ್ಯವಾಗಿ ವರ್ಷಕ್ಕೆ 5 ಭೇಟಿಗೆ ನೆರವು ಕೊಡುತ್ತದೆ, ಅದರಲ್ಲೇ ಡಯಟಿಷಿಯನ್, ಪೊಡಯಾಟ್ರಿಸ್ಟ್ (ಪಾದದ ತಜ್ಞರು) ಎಲ್ಲರ ಪಾಲೂ ಬರಬೇಕು. ಎರಡು ಭೇಟಿಯಲ್ಲಿ ಒಬ್ಬರ ಬದುಕನ್ನೇ ಬದಲಿಸಬೇಕು ಅಂತ ಹೊರಟು ನಾನು ಸೋತು ಸುಣ್ಣವಾದೆ. ಅವರು ನಡೆಯದೇ ಹೋದರೆ ಅದು ನನ್ನ ತಪ್ಪು ಅನ್ನಿಸುತ್ತಿತ್ತು.

ಒಬ್ಬರು ಹಿರಿಯರು ತಿಂಗಳಿಗೊಮ್ಮೆ ನನ್ನ ಕೇಸ್‌ಗಳನ್ನು ಕೂತು ಕೇಳುತ್ತಿದ್ದರು. ಅವರಿಂದಲೇ ದಾರಿ ಕಂಡಿತು. ವಾರಕ್ಕೆ 150 ನಿಮಿಷ ನಡೆಯಿರಿ ಅಂತ ಹಾಳೆ ಕೊಡುವುದನ್ನು ಬಿಟ್ಟೆ. "ಈ ವಾರ ನಿಮ್ಮ ಕೈಲಿ ಎಷ್ಟಾಗುತ್ತೆ?" ಅಂತ ಕೇಳತೊಡಗಿದೆ. ಊಟ ಆದ ಮೇಲೆ ಹತ್ತು ನಿಮಿಷ ಅಂದರೆ ಹತ್ತೇ ನಿಮಿಷ. ದಯವಿಟ್ಟು ನಿಮ್ಮ ಕಷ್ಟ ಕೇಳುವ ಅದೇ ಕೆಲಸದ ಒಬ್ಬರನ್ನು ಹುಡುಕಿಕೊಳ್ಳಿ. ಮನೆಯವರು ಪ್ರೀತಿಯಿಂದ ಕೇಳುತ್ತಾರೆ ನಿಜ, ಆದರೆ ಕೇಸ್ ಅರ್ಥವಾಗುವುದಿಲ್ಲ.

ಹುಬ್ಬಳ್ಳಿಯ ಜಿಮ್ ಟ್ರೇನರ್: ನನ್ನದು ಬೆಳಗಿನ ಜಾವದ ಬ್ಯಾಚ್, ಮತ್ತೆ ರಾತ್ರಿ ಬ್ಯಾಚ್. ನಿದ್ದೆ ಎರಡು ತುಂಡು. ರಾತ್ರಿ ಬ್ಯಾಚ್ ಬಿಟ್ಟೆ. ದುಡ್ಡು ಕಡಿಮೆಯಾಯಿತು, ಮನೆಯಲ್ಲಿ ಮಾತೂ ಬಂತು. ಆದರೂ ಮನುಷ್ಯನಾದೆ. ಇನ್ನೊಂದು ಮಾತು. ಬೇರೆಯವರಿಗೆ ಮಾಡಿಸಿ ಮಾಡಿಸಿ ನನ್ನ ಸ್ವಂತ ವ್ಯಾಯಾಮ ನಿಂತೇ ಹೋಗಿತ್ತು. ಈಗ ಭಾನುವಾರ ಹುಡುಗರ ಜೊತೆ ಕಬಡ್ಡಿ ಆಡುತ್ತೇನೆ. ಸೆಟ್ ಇಲ್ಲ, ರೆಪ್ ಇಲ್ಲ, ಎಣಿಕೆ ಇಲ್ಲ.

ಮಂಗಳೂರಿನ ಒಬ್ಬ ಫಿಸಿಯೋ, ಈಗ ಪಾಠ ಮಾಡುವವರು: ಮೇಲಿನವರ ಮಾತು ಸರಿ, ಆದರೆ ಎಲ್ಲ ಮಾಲೀಕರೂ ಒಪ್ಪುವುದಿಲ್ಲ. ನಮ್ಮ ಮಾಲೀಕರು ಒಪ್ಪಲಿಲ್ಲ, ಕೆಲಸ ಬಿಟ್ಟೆ. ಕ್ಲಿನಿಕ್ ಬಿಡುವುದು ಬೇರೆ, ಫೀಲ್ಡ್ ಬಿಡುವುದು ಬೇರೆ. ಹೃದ್ರೋಗದವರ ಪುನಶ್ಚೇತನ, ಪಾರ್ಶ್ವವಾಯು ಆದವರು, ಮಕ್ಕಳ ವಿಭಾಗ, ಕ್ರೀಡೆ, ಹೋಮ್ ವಿಸಿಟ್, ಎಷ್ಟೊಂದು ಕವಲಿದೆ. ರಾಜೀನಾಮೆ ಬರೆಯುವ ಮೊದಲು ಅಂಥ ಒಂದು ಕಡೆ ಒಂದು ದಿನ ಸುಮ್ನೆ ಪಕ್ಕದಲ್ಲಿ ನಿಂತು ನೋಡಿ ಬನ್ನಿ.

ಒಂದು ಮಾತ್ರ ತಡಮಾಡಬೇಡಿ. ಕೆಲಸದಾಚೆಯೂ ಯಾವುದರಲ್ಲೂ ಖುಷಿ ಇಲ್ಲ, ನಿದ್ದೆ ಊಟ ಕೆಟ್ಟಿದೆ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಇದನ್ನು ಬರ್ನೌಟ್ ಅಂದುಕೊಂಡು ಕೂರಬೇಡಿ, ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ. ನಿಮ್ಮ ಈಗಿನ ಕ್ಲಿನಿಕ್‌ನಲ್ಲಿ ದಿನ ಹೇಗೆ ಹಂಚಿಕೆಯಾಗಿದೆ ಅಂತ ಸ್ವಲ್ಪ ಬಿಡಿಸಿ ಬರೆಯಿರಿ, ಏನು ಕೇಳಬಹುದು ಅಂತ ಎಲ್ಲರೂ ಸೇರಿ ನೋಡೋಣ.